ಗಾಳಿ ಬೀಸುವ ಹೊತ್ತಿಗೆ ಮನೆ ಎಷ್ಟು ದೂರ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಹುಬ್ಬಳ್ಳಿಯವನು, ವಯಸ್ಸು 33. ಜೂನ್ ಒಂದರಿಂದ ಪಣಜಿಗೆ ವರ್ಗ ಆಗಿದೆ, ಆಫೀಸು ಪಾಟೊದಲ್ಲಿ. ಎರಡು ವರ್ಷದ ಹಿಂದೆ ಮೂಲ್ಕಿಯಲ್ಲಿ ಮೂರು ದಿನ ಸರ್ಫಿಂಗ್ ಕಲಿತೆ. ಆವತ್ತಿನಿಂದ ಅದರದೇ ಗುಂಗು. ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಲ್ಲಿ ಸಾಗುವುದು, ಅದನ್ನೂ ಕಲಿಯಬೇಕು ಅಂತ ಆಸೆ. ಹೆಂಡತಿ, ಆರು ವರ್ಷದ ಮಗಳು, ಮೊಣಕಾಲು ನೋವಿರುವ ತಾಯಿ ಜೊತೆಗೆ ಬರುತ್ತಾರೆ. ಏಜೆಂಟ್ ಮೂರು ಮನೆ ತೋರಿಸಿದ್ದಾರೆ. ಒಂದು ಅಶ್ವೆಂ ಬೀಚಿನಿಂದ ಐದು ನಿಮಿಷ. ಇನ್ನೊಂದು ಕಲಂಗುಟ್‌ನಲ್ಲಿ ಫ್ಲ್ಯಾಟು. ಮೂರನೆಯದು ಪಣಜಿ ಪಕ್ಕದ ತಾಳೆಗಾಂವ್‌ನಲ್ಲಿ, ಮೊದಲ ಮಹಡಿ. ನನ್ನ ಮನಸ್ಸು ಅಶ್ವೆಂ ಕಡೆಗಿದೆ. ಕೆಲಸಕ್ಕೆ ಬೆಳಿಗ್ಗೆ 7ರಿಂದ 3:30 ಅಥವಾ 11ರಿಂದ 7:30, ಯಾವ ಪಾಳಿ ಬೇಕಾದರೂ ತೆಗೆದುಕೊಳ್ಳಬಹುದು. ಏನು ಮಾಡಲಿ?
ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಾಳಿಯ ವಿಷಯವನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಮ್ಮ ಮನೆ ಎಲ್ಲಿರಬೇಕು ಅಂತ ತೀರ್ಮಾನ ಮಾಡುವುದು ಆ ಸಾಲೇ.

ಗೋವಾದ ಕಡಲಿಗೆ ಒಂದು ದಿನಚರಿ ಇದೆ. ಅಕ್ಟೋಬರ್ ಕೊನೆಯಿಂದ ಮೇ ತಿಂಗಳವರೆಗೆ ಅದು ಹೆಚ್ಚುಕಡಿಮೆ ತಪ್ಪುವುದಿಲ್ಲ. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ಅಷ್ಟು ಬೇಗ ತಣಿಯುವುದಿಲ್ಲ. ಹಾಗಾಗಿ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ದಡಕ್ಕೆ ಬರುವ ಅಲೆಯನ್ನು ಈ ಗಾಳಿ ಎದುರಿನಿಂದ ತಡೆದು ನಿಲ್ಲಿಸುತ್ತದೆ. ಅಲೆಯ ಮೈ ನಯವಾಗಿರುತ್ತದೆ, ಸ್ವಲ್ಪ ತಡವಾಗಿ ಒಡೆಯುತ್ತದೆ. ಸರ್ಫಿಂಗ್‌ಗೆ ಬೇಕಾದದ್ದು ಇದೇ. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ಗಾಳಿ ತಿರುಗುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ವಾಯವ್ಯದಿಂದ ಕಡಲ ಗಾಳಿ ಶುರು. ಎರಡರಿಂದ ಐದರವರೆಗೆ ಅದರ ಜೋರು. ಆಗ ಅಲೆಯ ಮೈಯೆಲ್ಲ ತರಿತರಿ. ಸರ್ಫಿಂಗ್‌ನವರು ಬೋರ್ಡ್ ಎತ್ತಿಕೊಂಡು ಮನೆಗೆ ಹೊರಡುತ್ತಾರೆ, ಹಾಯಿ ಹಿಡಿಯುವವರು ದಡಕ್ಕೆ ಬರುತ್ತಾರೆ.

ಅಂದರೆ ನೀವು 11ರ ಪಾಳಿ ತೆಗೆದುಕೊಂಡರೆ ನಿಮಗೆ ಅಲೆ ಸಿಗುತ್ತದೆ. 7ರ ಪಾಳಿ ತೆಗೆದುಕೊಂಡರೆ ಗಾಳಿ ಸಿಗುತ್ತದೆ. ವಾರದ ದಿನಗಳಲ್ಲಿ ಎರಡೂ ಸಿಗುವುದಿಲ್ಲ. ಹಾಗಾಗಿ ಮೊದಲು ಪಾಳಿ ಆರಿಸಿ, ಆಮೇಲೆ ಮನೆ.

ಅಲೆಯ ಮಾತು ಮೊದಲು ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನಸ್ಸು ಅಲ್ಲಿದೆ. ಅಶ್ವೆಂ, ಮಾಂದ್ರೆಂ, ಆರಂಬೋಲ್, ಇವು ಹೊಸಬರಿಗೆ ಒಳ್ಳೆಯ ಜಾಗ. ಮರಳಿನ ತಳ, ಆಳ ನಿಧಾನವಾಗಿ ಹೆಚ್ಚುತ್ತದೆ, ಬಿದ್ದರೆ ಪೆಟ್ಟಾಗುವುದು ಕಡಿಮೆ. ಆದರೆ ಮೂಲ್ಕಿಯ ಅಲೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರಬೇಡಿ. ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗೆ ಮೂಲ್ಕಿ ಪಕ್ಕದ ಸಸಿಹಿತ್ಲುವನ್ನು ಆರಿಸಿಕೊಂಡಿದ್ದು ಸುಮ್ನೆ ಅಲ್ಲ. ಗೋವಾದಲ್ಲಿ ಚಳಿಗಾಲದ ಅಲೆ ಬಹಳ ದಿನ ಮೊಣಕಾಲೆತ್ತರ. ಸೊಂಟದ ಎತ್ತರಕ್ಕೆ ಬಂದರೆ ಅವತ್ತು ಹಬ್ಬ. ದೂರದ ದಕ್ಷಿಣ ಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಅಲೆ ಕೆಲವು ದಿನ ನಡೆದು ಇಲ್ಲಿಗೆ ಮುಟ್ಟುತ್ತದೆ. ಅಂಥ ಅಲೆ ಹನ್ನೆರಡು, ಹದಿನಾಲ್ಕು ಸೆಕೆಂಡಿಗೆ ಒಂದರಂತೆ ಬರುತ್ತದೆ, ನೋಡಲು ಚಿಕ್ಕದು, ಆದರೆ ನೂಕುವ ಬಲ ಜಾಸ್ತಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅರಬ್ ನಾಡಿನ ಕಡೆ ಶಮಾಲ್ ಅನ್ನುವ ಗಾಳಿ ಎದ್ದಾಗ ವಾಯವ್ಯದಿಂದಲೂ ಅಲೆ ಬರುತ್ತದೆ. ಇವೆರಡೂ ಇಲ್ಲದ ದಿನ ಕಡಲು ಕೆರೆಯಂತೆ ಮಲಗಿರುತ್ತದೆ. ಮಾರ್ಚ್ ನಂತರ ಅಲೆ ಮತ್ತೆ ಮೇಲೇಳುತ್ತದೆ, ಏಪ್ರಿಲ್, ಮೇ ಚೆನ್ನಾಗಿರುತ್ತವೆ.

ನಾನು ಅಂಕೋಲೆಯವಳು. ರಾತ್ರಿ ಅಲೆಯ ಸದ್ದು ಕೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ. 2005ರ ನವೆಂಬರ್‌ನಲ್ಲಿ, ಪಣಜಿಯಲ್ಲಿ ಕೆಲಸ ಸಿಕ್ಕ ಮೇಲೆ, ನಾವೂ ನಿಮ್ಮ ಹಾಗೆಯೇ ಮಾಂದ್ರೆಂ ಕಡೆ ಮನೆ ಹಿಡಿದೆವು. ಬಾಗಿಲು ತೆಗೆದರೆ ಗಾಳಿಮರದ ಸಾಲು, ಅದರಾಚೆ ನೀರು. ಮೊದಲ ತಿಂಗಳು ಸ್ವರ್ಗವೇ. ಆಮೇಲೆ ದಿನಗಳು ಹೇಗೆ ಹೋದವು ಹೇಳುತ್ತೇನೆ. ಬೆಳಿಗ್ಗೆ ಏಳೂಕಾಲಿಗೆ ಮನೆ ಬಿಡಬೇಕು. ಶಿವೋಲಿ ಸೇತುವೆ, ಮಾಪ್ಸಾ, ಪರ್ವರಿ, ಮಾಂಡವಿ ನದಿ ದಾಟಿ ಆಫೀಸು ಸೇರಲು ಒಂದು ಗಂಟೆಯ ಮೇಲೆ. ಸಂಜೆ ಬರುವಾಗ ಕತ್ತಲೆ. ಕಡಲು ಕಿವಿಗೆ ಕೇಳುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ವಾರಕ್ಕೆ ಒಂದು ಭಾನುವಾರ, ಆ ಭಾನುವಾರ ಅಲೆಯೇ ಇಲ್ಲ ಅಂದರೆ ಹೊಟ್ಟೆಯಲ್ಲಿ ಎಂಥ ಸಂಕಟ ಅಂತೀರಿ.

ಮಳೆಗಾಲ ಬಂತು. ಉಪ್ಪು ಗಾಳಿ ಕಿಟಕಿಯ ಸಂದಿಯಿಂದ ಒಳಗೆ ಬಂದು ಕೂತಿತು. ಅಡುಗೆಮನೆ ಕಪಾಟಿನ ಬಿಜಾಗರಿ ಮುಟ್ಟಿದರೆ ಕೆಂಪು ಪುಡಿ ಬೆರಳಿಗೆ ಅಂಟುತ್ತಿತ್ತು. ಒಂದು ದಿನ ಕಪಾಟಿನ ಬಾಗಿಲೇ ಕೈಗೆ ಬಂತು. ಹಾಸಿಗೆಯ ಕೆಳಗೆ, ಚಪ್ಪಲಿಯ ಒಳಗೆ, ಮದುವೆ ಸೀರೆಯ ಅಂಚಿಗೆ, ಎಲ್ಲ ಕಡೆ ಬೂಷ್ಟು. ಸೆಪ್ಟೆಂಬರ್ ಕೊನೆಗೆ ಮನೆ ಮಾಲೀಕರು ಬಂದು, ಅಕ್ಟೋಬರ್‌ನಿಂದ ಪ್ರವಾಸಿಗರು ಬರುತ್ತಾರೆ, ಮನೆ ಖಾಲಿ ಮಾಡಿ ಅಂದರು. ನಮ್ಮ ಹತ್ತಿರ ಬಾಯಿ ಮಾತಿನ ಒಪ್ಪಂದ ಬಿಟ್ಟರೆ ಒಂದು ಚೀಟಿಯೂ ಇರಲಿಲ್ಲ. ಡಿಪಾಸಿಟ್‌ನಲ್ಲಿ ಅರ್ಧ ಬಣ್ಣ ಬಳಿಯುವ ಲೆಕ್ಕಕ್ಕೆ ಹೋಯಿತು. ಕಡಲು ತಿಳಿಯಾಗಿ ಅಲೆ ಚೆನ್ನಾಗಿ ಬರುವ ತಿಂಗಳಿಗೆ ಸರಿಯಾಗಿ ನಾವು ಗಂಟುಮೂಟೆ ಕಟ್ಟಿದೆವು.

ಅದಕ್ಕೇ ಹೇಳುತ್ತೇನೆ, ಬೀಚ್ ಊರಿನಲ್ಲಿ ಮನೆ ಹಿಡಿಯುವವರು 11 ತಿಂಗಳ ಕರಾರನ್ನು ಬರಹದಲ್ಲಿ ಮಾಡಿಸಿಕೊಳ್ಳಿ. ಅಕ್ಟೋಬರ್‌ನಿಂದ ಮೇವರೆಗೂ ಅದೇ ಬಾಡಿಗೆ, ನಡುವೆ ಬಿಡಿಸುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ಬಾಡಿಗೆದಾರರ ವಿವರದ ಫಾರ್ಮನ್ನು ಪೊಲೀಸ್ ಠಾಣೆಗೆ ಕೊಡಬೇಕು, ಅದನ್ನೂ ಮಾಲೀಕರ ಜೊತೆ ನಿಂತು ಮಾಡಿಸಿ.

ಕಲಂಗುಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪಣಜಿಗೆ ಹದಿನೈದು ಕಿ.ಮೀ. ಅಷ್ಟೇ, ನಿಜ. ಆದರೆ ಸ್ನಾನಕ್ಕಿಳಿದ ಜನ, ಜೆಟ್‌ಸ್ಕಿ, ಪ್ಯಾರಾಸೇಲಿಂಗ್ ದೋಣಿ, ಇವುಗಳ ನಡುವೆ ಹೊಸಬ ಒಬ್ಬ ಒಂಬತ್ತು ಅಡಿ ಬೋರ್ಡ್ ಹಿಡಿದು ನಿಂತರೆ ಯಾರದೋ ಮಗುವಿನ ತಲೆಗೆ ಬೋರ್ಡಿನ ಅಡಿಯ ರೆಕ್ಕೆ, ಅಂದರೆ ಫಿನ್, ತಾಗುತ್ತದೆ. ಬೇಡ.

ಈಗ ಗಾಳಿಯ ಮಾತು. ಮಿರಾಮಾರ್ ಮತ್ತು ದೋನಾ ಪಾವ್ಲಾ ನಡುವೆ ಕರಂಜಾಳೆಂ ಅಂತ ಒಂದು ದಂಡೆ ಇದೆ. ಎದುರಿಗೆ ಅಗ್ವಾದ ಕೋಟೆಯ ಗುಡ್ಡ ಕಡಲಿಗೆ ಮೂಗು ಚಾಚಿ ನಿಂತಿದೆ. ದೊಡ್ಡ ಅಲೆ ಆ ಗುಡ್ಡಕ್ಕೆ, ಮಾಂಡವಿ ಬಾಯಿಯ ಮರಳು ದಿಬ್ಬಕ್ಕೆ ಬಡಿದು ಅಲ್ಲೇ ಸುಸ್ತಾಗುತ್ತದೆ. ಒಳಗೆ ಬರುವುದು ಚಿಕ್ಕ ತೆರೆ. ಗಾಳಿ ಮಾತ್ರ ನೀರಿನ ಮೇಲೆ ಹಾದು ಬರುತ್ತದೆ. ವಿಂಡ್‌ಸರ್ಫಿಂಗ್ ಕಲಿಯುವವರಿಗೆ ಅಲೆ ಕಡಿಮೆ, ಗಾಳಿ ಒಂದೇ ಸಮ ಇರುವ ಜಾಗ ಬೇಕು. 2023ರ ಏಷ್ಯನ್ ಗೇಮ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಕಂಚು ಗೆದ್ದ ಈಬಾದ್ ಅಲಿ ತಯಾರಾದದ್ದು ಭೋಪಾಲದ ಕೆರೆಯಲ್ಲಿ. ಕಡಲೇ ಇಲ್ಲದ ಊರು ಅದು. ಸಪಾಟು ನೀರಿನ ಬೆಲೆ ಅಷ್ಟು.

ಕರಂಜಾಳೆಂನಲ್ಲಿ ಗಾಳಿ ಬರುವುದನ್ನು ನೋಡುವುದೇ ಒಂದು ಸುಖ. ಹನ್ನೊಂದೂವರೆಗೆ ನೀರು ಕನ್ನಡಿ. ತೆಂಗಿನ ಗರಿ ಜೋತುಬಿದ್ದಿರುತ್ತದೆ. ಬಿಸಿಲು ತಲೆ ಸುಡುತ್ತಿರುತ್ತದೆ. ನೀವು ಅಗ್ವಾದ ಕಡೆಗೇ ಕಣ್ಣಿಟ್ಟಿರಿ. ದೂರದಲ್ಲಿ ನೀರಿನ ಬಣ್ಣ ಒಂದು ಗೆರೆಯಷ್ಟು ಕಪ್ಪಾಗುತ್ತದೆ. ಆ ಗೆರೆ ದಪ್ಪವಾಗುತ್ತ, ಹತ್ತಿರವಾಗುತ್ತ ಬರುತ್ತದೆ. ಅದು ಗಾಳಿಯ ಕಾಲ್ಗುರುತು. ಮೊದಲು ಬಲಗೆನ್ನೆಗೆ ತಣ್ಣಗೆ ತಾಗುತ್ತದೆ. ಐದು ನಿಮಿಷದಲ್ಲಿ ತೆಂಗಿನ ಗರಿ ಎಲ್ಲ ಒಂದೇ ಕಡೆಗೆ ತಿರುಗುತ್ತವೆ. ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹಿರಿಯರು ರಾಶಿಯ ಕಣದಲ್ಲಿ ನಿಂತು ಹೇಳಿದ್ದು. ನನಗೆ ಅದರ ಅರ್ಥ ಪೂರ್ತಿ ತಿಳಿದದ್ದು ಕರಂಜಾಳೆಂನಲ್ಲಿ.

ಅಲ್ಲಿ ನನಗೆ 34 ವರ್ಷ ವಯಸ್ಸಿನಲ್ಲಿ ಒಬ್ಬ ಹಿರಿಯ ತರಬೇತುದಾರರು ಹಾಯಿ ಎತ್ತುವುದನ್ನು ಕಲಿಸಿದರು. ಹಾಯಿ ನೀರಿನಲ್ಲಿ ಮಲಗಿರುತ್ತದೆ. ನೀವು ಬೋರ್ಡ್ ಮೇಲೆ ನಿಂತು ದಪ್ಪ ಹಗ್ಗ ಹಿಡಿದು ಎಳೆಯಬೇಕು. ಮೊದಲ ಒಂದು ಮೊಳ ಎಳೆಯುವಾಗ ಬಾವಿಯಿಂದ ಕೊಡವನ್ನಲ್ಲ, ಬಾವಿಯನ್ನೇ ಎತ್ತಿದ ಹಾಗೆ. ಹಾಯಿಯ ಮೇಲೆ ಕೂತ ನೀರೇ ಅಷ್ಟು ಭಾರ. ಎಲ್ಲರೂ ಅಲ್ಲಿ ಸೊಂಟ ಬಗ್ಗಿಸಿ ಜಗ್ಗುತ್ತಾರೆ, ಮರುದಿನ ಮೇಲೇಳಲಾರರು. ಬೆನ್ನು ನೆಟ್ಟಗಿಟ್ಟು, ಮೊಣಕಾಲು ಮಡಿಸಿ, ಮೈಯ ಭಾರವನ್ನು ಹಿಂದಕ್ಕೆ ಬಿಟ್ಟು ಸುಮ್ನೆ ನಿಲ್ಲಿ. ಅಂಚಿನಿಂದ ನೀರು ಜಾರಲು ಶುರುವಾಗುತ್ತದೆ. ನೀರು ಜಾರಿದ ಮೇಲೆ ಹಾಯಿ ತಾನಾಗಿ ಹಗುರಾಗುತ್ತದೆ, ಕೈಗೆ ಕೈ ಬದಲಾಯಿಸುತ್ತ ಎತ್ತಿ. ಹಾಯಿಯ ಹಿಡಿಕೆಯಾದ ಬೂಮ್ ಕೈಗೆ ಸಿಕ್ಕಿ, ಹಾಯಿಗೆ ಗಾಳಿ ತುಂಬಿ, ಪಾದದ ಕೆಳಗೆ ಬೋರ್ಡ್ ಮೊದಲ ಸಲ ಮುಂದಕ್ಕೆ ಸರಿದ ಆ ಕ್ಷಣ ಇದೆಯಲ್ಲ, ನನಗೆ ಇವತ್ತಿಗೂ ಅದು ಅಂಗಾಲಿನಲ್ಲಿ ನೆನಪಿದೆ.

ಗಾಳಿ ದಡದ ಕಡೆಗೆ ಓರೆಯಾಗಿ ಬೀಸುವುದರಿಂದ ಹೊಸಬರಿಗೆ ಒಂದು ರಕ್ಷಣೆ ಇದೆ. ಏನೇ ತಪ್ಪಾದರೂ ಅದು ನಿಮ್ಮನ್ನು ದಂಡೆಗೇ ತಂದು ಬಿಡುತ್ತದೆ. ಬೆಳಗಿನ ನೆಲಗಾಳಿ ಹಾಗಲ್ಲ, ಅದು ಹೊರಕ್ಕೆ ಒಯ್ಯುತ್ತದೆ. ಆದ್ದರಿಂದ ಬೆಳಿಗ್ಗೆ ಹಾಯಿ ತೆಗೆದುಕೊಂಡು ನೀರಿಗೆ ಇಳಿಯಲೇಬೇಡಿ, ಗಾಳಿ ಎಷ್ಟು ಹಿತವಾಗಿದ್ದರೂ ಸರಿ. ಮಾಂಡವಿ ಬಾಯಿಯ ಕಡೆಗೂ ಹೋಗಬೇಡಿ, ಇಳಿತದ ಹೊತ್ತಿನಲ್ಲಿ ಆ ನೀರು ಹೊರಕ್ಕೆ ಎಳೆಯುತ್ತದೆ. ಇನ್ನೊಂದು ಮಾತು. ಆ ದಂಡೆಯಲ್ಲಿ ನಮ್ಮ ಕಡೆಯ ರಂಪಣಿಯಂಥ ದೊಡ್ಡ ಬಲೆ ಬಿಡುತ್ತಾರೆ, ಅವರು ರಾಂಪಣ್ ಅನ್ನುತ್ತಾರೆ. ಬಲೆ ನೀರಿನಲ್ಲಿದ್ದರೆ ಅದನ್ನು ದಾಟಬೇಡಿ. ಅದು ಅವರ ಅನ್ನ. ಎಳೆದು ಮುಗಿಯುವವರೆಗೆ ಕಾಯಿರಿ, ಕೈ ಜೋಡಿಸಿ ಎಳೆದರೆ ಇನ್ನೂ ಒಳ್ಳೆಯದು. ನನಗೆ ಅಲ್ಲಿ ಪರಿಚಯ ಆದದ್ದೆಲ್ಲ ಹಾಗೆಯೇ.

ಆದ್ದರಿಂದ ನನ್ನ ಮಾತು: 7ರ ಪಾಳಿ ತೆಗೆದುಕೊಳ್ಳಿ, ತಾಳೆಗಾಂವ್ ಮನೆ ಹಿಡಿಯಿರಿ. ಮೂರೂವರೆಗೆ ಕೆಲಸ ಬಿಟ್ಟರೆ ನಾಲ್ಕು ಗಂಟೆಯ ಹೊತ್ತಿಗೆ ಕರಂಜಾಳೆಂನಲ್ಲಿರುತ್ತೀರಿ. ಕತ್ತಲಾಗುವ ಮೊದಲು ಒಂದೂವರೆ ಗಂಟೆ ನೀರು. ಅಲೆಗಿಂತ ಗಾಳಿ ನಂಬಿಕಸ್ಥ, ಏಳು ತಿಂಗಳು ಹೆಚ್ಚುಕಡಿಮೆ ದಿನವೂ ಬರುತ್ತದೆ. ಅಲೆಗೆ ಶನಿವಾರ, ಭಾನುವಾರ ಇಡಿ. ಬೆಳಿಗ್ಗೆ ಐದೂವರೆಗೆ ಹೊರಟರೆ ರಸ್ತೆ ಖಾಲಿ, ಮೂವತ್ತು ಕಿ.ಮೀ. ಚಿಲ್ಲರೆ, ಬೆಳಕಾಗುವಾಗ ಅಶ್ವೆಂ. ಅಲೆ ಇಲ್ಲದ ವಾರ ಮಲಗಿರಿ, ದಿನಾ ಎರಡು ಗಂಟೆ ರಸ್ತೆಯಲ್ಲಿ ಕಳೆದ ಬೇಸರ ಇರುವುದಿಲ್ಲ. ನವೆಂಬರ್‌ನಿಂದ ಬೇಸಿಗೆಯವರೆಗೆ ಮೊರ್ಜಿಂ, ಮಾಂದ್ರೆಂ ಕಡೆ ಕಡಲಾಮೆ ಮೊಟ್ಟೆಯಿಡಲು ಬರುತ್ತವೆ. ಹಗ್ಗ ಕಟ್ಟಿದ ಜಾಗದಲ್ಲಿ ಬೋರ್ಡ್ ಎಳೆಯಬೇಡಿ, ಮಗಳಿಗೆ ದೂರದಿಂದ ತೋರಿಸಿ.

ತಾಯಿಯವರ ಮೊಣಕಾಲಿನ ವಿಷಯ ನಿಮ್ಮ ಪತ್ರದಲ್ಲಿ ಎರಡೇ ಶಬ್ದ. ನನಗೆ ಅದೇ ಕಣ್ಣಿಗೆ ಬಿತ್ತು. ಮೊದಲ ಮಹಡಿಗೆ ಲಿಫ್ಟ್ ಇದೆಯೇ ಕೇಳಿ. ಇಲ್ಲದಿದ್ದರೆ ಅದೇ ಊರಿನಲ್ಲಿ ನೆಲಮಹಡಿ ಹುಡುಕಿ, ನಿಮಗೂ ಅದೇ ಅನುಕೂಲ. ಒಂಬತ್ತು ಅಡಿ ಬೋರ್ಡು ಮೆಟ್ಟಿಲ ತಿರುವಿನಲ್ಲಿ ತಿರುಗುವುದಿಲ್ಲ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆ ತಾಳೆಗಾಂವ್‌ಗೆ ಹತ್ತಿರ. ಅಶ್ವೆಂನಿಂದ ರಾತ್ರಿ ಹೊತ್ತು ಅಲ್ಲಿಗೆ ಬರುವುದನ್ನು ನೆನೆಸಿಕೊಳ್ಳಿ.

ಮನೆ ನೋಡುವಾಗ ಹೊರಗೆ ಒಂದು ನಲ್ಲಿ ಇದೆಯೇ ನೋಡಿ. ಇದು ಚಿಕ್ಕ ವಿಷಯ ಅಲ್ಲ. ಹಾಯಿಯ ಮಾಸ್ಟ್, ಅಂದರೆ ಅದರ ಕಂಬ, ಎರಡು ತುಂಡಿನದು, ಒಂದರೊಳಗೆ ಒಂದು ಕೂರುತ್ತದೆ. ಉಪ್ಪು, ಮರಳು ಒಳಗೆ ಒಣಗಿದರೆ ಆ ಜೋಡಣೆ ಬಿಗಿದುಕೊಳ್ಳುತ್ತದೆ. ನನ್ನದನ್ನು ಒಮ್ಮೆ ತೊಳೆಯದೆ ವಾರ ಬಿಟ್ಟಿದ್ದೆ. ಒಂದು ತುದಿ ಗಂಡ, ಇನ್ನೊಂದು ತುದಿ ನಾನು, ಅಂಗಳದಲ್ಲಿ ಹಗ್ಗಜಗ್ಗಾಟ. ಬಿಸಿನೀರು ಹೊಯ್ದು, ತಿರುವಿ ತಿರುವಿ, ಕೊನೆಗೆ ಸಂಜೆ ಬಿಟ್ಟುಕೊಂಡಿತು. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದರೆ ಈ ಕಷ್ಟವೇ ಇಲ್ಲ.

ಇನ್ನು ಜೂನ್. ನೀವು ಬರುವ ದಿನವೇ ಕಡಲು ಬಾಗಿಲು ಹಾಕಿಕೊಳ್ಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಎರಡು, ಮೂರು ಮೀಟರಿನ ಅಲೆ, ದಡಕ್ಕೆ ನೇರ ಬೀಸುವ ಗಾಳಿ, ಕೆಂಪು ಬಾವುಟ. ಅಗ್ವಾದ ಪಕ್ಕದ ಮಾಂಡವಿ ಬಾಯಲ್ಲಿ ಮರಳು ತುಂಬಿ, ಅದಿರಿನ ಬಾರ್ಜ್‌ಗಳು ಕೂಡ ಮಾಂಡವಿ, ಜುವಾರಿ ನದಿಗಳನ್ನು ಕೂಡಿಸುವ ಕುಂಭಾರ್ಜುವೆ ಕಾಲುವೆಯ ಒಳದಾರಿ ಹಿಡಿಯುತ್ತಿದ್ದ ಕಾಲ ಅದು. ಆಗಲೂ ಅಲೆ ಏರುವ ಅನುಭವಿಗಳಿದ್ದಾರೆ. ಮೂರು ದಿನ ಕಲಿತವರು ಅವರನ್ನು ನೋಡಿ ಇಳಿಯಬಾರದು. ಈ ಮಾತನ್ನು ನಾನು ಕೈಮುಗಿದು ಹೇಳುತ್ತೇನೆ.

ಆ ನಾಲ್ಕು ತಿಂಗಳು ಪಣಜಿಯ ಕಾಂಪಾಲ್ ಈಜುಕೊಳದಲ್ಲಿ ಈಜಿ. ಭುಜಕ್ಕೆ ಬಲ ಬರಲಿ. ಮಗಳನ್ನೂ ಕರೆದುಕೊಂಡು ಹೋಗಿ. ದೋನಾ ಪಾವ್ಲಾ ಕಡೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಅದರ ಹೊಸ ಕ್ಯಾಂಪಸ್ 2024ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಅಲ್ಲಿ ಹೋಗಿ ಯಾವ ತರಬೇತಿ ಯಾವಾಗ ಅಂತ ವಿಚಾರಿಸಿ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ಮುನ್ಸೂಚನೆ ಕೊಡುತ್ತದೆ. ಅದನ್ನು ದಿನಾ ನೋಡಿ, ಆಮೇಲೆ ಮಿರಾಮಾರ್‌ನಲ್ಲಿ ನಿಂತು ಕಣ್ಣಾರೆ ನೋಡಿ. ಎರಡನ್ನೂ ತಾಳೆ ಹಾಕುತ್ತ ಹೋದರೆ ಸೆಪ್ಟೆಂಬರ್ ಹೊತ್ತಿಗೆ ಕಡಲು ಓದಲು ಬರುತ್ತದೆ.

ಮೊದಲ ವರ್ಷ ಸಾಮಾನು ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಕಲಿಯುವಾಗ ಇನ್ನೂರು ಲೀಟರ್ ಆಸುಪಾಸಿನ ಗಾತ್ರದ ಅಗಲ ಬೋರ್ಡು, ನಾಲ್ಕೈದು ಚದರ ಮೀಟರಿನ ಹಾಯಿ ಸಾಕು. ಒಂದೇ ವರ್ಷದಲ್ಲಿ ಅವು ನಿಮಗೆ ಚಿಕ್ಕವಾಗುತ್ತವೆ ಅಥವಾ ದೊಡ್ಡವಾಗುತ್ತವೆ. ಇಲ್ಲಿಯ ಗಾಳಿ ನಾನು ಕಂಡಂತೆ ಬಹಳ ದಿನ ಎಂಟರಿಂದ ಹನ್ನೆರಡು ನಾಟ್, ಅಂದರೆ ಗಂಟೆಗೆ ಹದಿನೈದರಿಂದ ಇಪ್ಪತ್ತೆರಡು ಕಿ.ಮೀ. ಅಷ್ಟು ಗಾಳಿಗೆ ಆಮೇಲೆ ದೊಡ್ಡ ಹಾಯಿಯೇ ಬೇಕಾಗುತ್ತದೆ.

ಒಂದು ಮಳೆಗಾಲ, ಒಂದು ಬೇಸಿಗೆ ತಾಳೆಗಾಂವ್‌ನಲ್ಲಿ ಕಳೆಯಿರಿ. ಆಮೇಲೂ ಅಲೆಯೇ ನಿಮ್ಮನ್ನು ಜಾಸ್ತಿ ಎಳೆದರೆ, 11ರ ಪಾಳಿಗೆ ಬದಲಾಯಿಸಿ ಅಶ್ವೆಂ ಕಡೆ ಹೋಗಿ. ಆಗ ನಾನೇ ಮನೆ ಹುಡುಕಲು ಬರುತ್ತೇನೆ.

ಪ್ರಶ್ನೆ: ನಾನು ಬಾಗಲಕೋಟೆಯವಳು, ವಾಸ್ಕೊದಲ್ಲಿ 12 ವರ್ಷದಿಂದ ಇದ್ದೇನೆ. 12 ವರ್ಷದ ಮಗ ವಿಂಡ್‌ಸರ್ಫಿಂಗ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅದಕ್ಕಾಗಿ ಪಣಜಿ ಕಡೆ ಮನೆ ಬದಲಾಯಿಸಬೇಕೇ? ನನಗೆ ಈಗ 44. ಈಜು ಬರುವುದಿಲ್ಲ. ನನಗೂ ಒಳಗೊಳಗೆ ಆಸೆ ಇದೆ, ಯಾರ ಮುಂದೆಯೂ ಹೇಳಿಲ್ಲ.
ಒಬ್ಬ ತಾಯಿ, ವಾಸ್ಕೊ

ಉತ್ತರ: ತಂಗೀ, ಮನೆ ಬದಲಾಯಿಸಬೇಡಿ. ಹನ್ನೆರಡು ವರ್ಷದಲ್ಲಿ ಕಟ್ಟಿಕೊಂಡ ಬಳಗ, ಪಕ್ಕದ ಮನೆಯವರ ಕನ್ನಡ ಮಾತು, ಮಗನ ಶಾಲೆ, ಗೆಳೆಯರು, ಇವನ್ನು ವಾರಕ್ಕೆರಡು ಮಧ್ಯಾಹ್ನದ ಸಲುವಾಗಿ ಬಿಡುವುದು ಬೇಡ. ಮೊದಲು ಜುವಾರಿಯ ಹಳೆ ಸೇತುವೆಯ ಮೇಲೆ ಸಿಕ್ಕಿಹಾಕಿಕೊಂಡರೆ ಗಾಳಿ ಮುಗಿದುಹೋಗುತ್ತಿತ್ತು. ಹೊಸ ಸೇತುವೆಯ ಒಂದು ಬದಿ 2022ರ ಡಿಸೆಂಬರ್‌ನಲ್ಲಿ, ಇನ್ನೊಂದು ಬದಿ 2023ರ ಡಿಸೆಂಬರ್‌ನಲ್ಲಿ ತೆರೆದ ಮೇಲೆ ಆ ಕಷ್ಟ ಹೋಯಿತು. ಶನಿವಾರ ಊಟ ಮುಗಿಸಿ ಹನ್ನೆರಡೂವರೆಗೆ ಹೊರಟರೆ ಗಾಳಿ ಜೋರಾಗುವ ಮೊದಲೇ ಕರಂಜಾಳೆಂ ತಲುಪುತ್ತೀರಿ.

ಹತ್ತಿರದ ಬೊಗ್ಮಾಳೊ ಚೆನ್ನಾಗಿದೆ, ಆದರೆ ಉತ್ತರದ ಗುಡ್ಡ ವಾಯವ್ಯದ ಗಾಳಿಯನ್ನು ತಡೆಯುತ್ತದೆ. ಗಾಳಿ ಬಿಟ್ಟು ಬಿಟ್ಟು, ಜಗ್ಗಿ ಜಗ್ಗಿ ಬೀಸುತ್ತದೆ. ಕಲಿಯುವ ಹುಡುಗನಿಗೆ ಅಂಥ ಗಾಳಿ ಬೇಡ.

ಮಗನಿಗೆ ಅವನ ಮೈಗೆ ಒಪ್ಪುವ ಚಿಕ್ಕ ಹಾಯಿ ಕೊಡುವ ತರಬೇತುದಾರರನ್ನೇ ಹುಡುಕಿ. ದೊಡ್ಡವರ ಹಾಯಿ ಕೊಟ್ಟು, ಮೆಲ್ಲಗೆ ಹಿಡ್ಕೋ ಅನ್ನುವವರ ಹತ್ತಿರ ಬಿಡಬೇಡಿ. ಲೈಫ್ ಜಾಕೆಟ್ ಮೈಗೆ ಬಿಗಿಯಾಗಿ ಕೂರಬೇಕು. ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ, ಅದು ಕಿವಿಯವರೆಗೆ ಬಂದರೆ ದೊಡ್ಡದಾಯಿತು ಅಂತ ಅರ್ಥ.

ಈಗ ನಿಮ್ಮ ಆಸೆ. ಯಾರ ಮುಂದೆಯೂ ಹೇಳದ್ದನ್ನು ನನಗೆ ಬರೆದಿದ್ದೀರಿ, ಅದನ್ನು ನಾನು ಸುಮ್ನೆ ಬಿಡುವವಳಲ್ಲ. 44 ಏನೂ ತಡ ಅಲ್ಲ. ಹಾಯಿಗೆ ತೋಳಿನ ಬಲಕ್ಕಿಂತ ಸಮತೋಲ, ತಾಳ್ಮೆ ಜಾಸ್ತಿ ಬೇಕು. ಹೆಂಗಸರು ಹಗ್ಗವನ್ನು ಜಗ್ಗದೆ ಕಾಯುತ್ತಾರೆ, ಬೇಗ ಕಲಿಯುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು. ಆದರೆ ಈಜು ಮೊದಲು. ಈಜುಕೊಳದಲ್ಲಿ ಐವತ್ತು ಮೀಟರ್ ಈಜಿ, ಕಾಲು ತಾಗದ ನೀರಿನಲ್ಲಿ ಐದು ನಿಮಿಷ ಗಾಬರಿಯಾಗದೆ ತೇಲಲು ಬಂದ ಮೇಲೆ ಕಡಲಿಗೆ ಬನ್ನಿ. ಉದ್ದ ತೋಳಿನ ಈಜು ಅಂಗಿ, ಮೊಣಕಾಲು ಮುಚ್ಚುವ ಲೆಗ್ಗಿಂಗ್ ಹಾಕಿದರೆ ಬಿಸಿಲೂ ತಾಗದು, ಬೋರ್ಡ್ ತರಚಿ ಗಾಯವೂ ಆಗದು, ಸಂಕೋಚವೂ ಇರದು. ಅಕ್ಟೋಬರ್‌ನಲ್ಲಿ ಜೆಲ್ಲಿ ಮೀನು ಬಂದಾಗಲೂ ಅದೇ ಬಟ್ಟೆ ಮೈ ಕಾಯುತ್ತದೆ. ಕಡಿದರೆ ಉಜ್ಜಬೇಡಿ, ಲೈಫ್‌ಗಾರ್ಡ್ ಹತ್ತಿರ ಹೋಗಿ.

ಮಗನಿಗೆ ಇವತ್ತೇ ಹೇಳಿಬಿಡಿ, ನಾನೂ ಬರುತ್ತೇನೆ ಅಂತ.

ಪ್ರಶ್ನೆ: ನಾವು ಬೆಳಗಾವಿಯ ನಾಲ್ಕು ಜನ ವಿದ್ಯಾರ್ಥಿಗಳು. 2025ರಲ್ಲಿ ಮಹಾಬಲಿಪುರದಲ್ಲಿ ರಮೇಶ್ ಬುದಿಹಾಳ್ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ಕಂಚು ಗೆದ್ದಾಗಿನಿಂದ ಸರ್ಫಿಂಗ್ ಹುಚ್ಚು ಹಿಡಿದಿದೆ. ತಿಂಗಳಿಗೆ ಎರಡು ವಾರಾಂತ್ಯ ಗೋವಾಕ್ಕೆ ಬರಬಹುದು. ನಾಲ್ವರೂ ಸೇರಿ ಅಲ್ಲೊಂದು ರೂಮ್ ಬಾಡಿಗೆಗೆ ಹಿಡಿಯುವುದು ಒಳ್ಳೆಯದೇ?
ಗೆಳೆಯರ ಗುಂಪು, ಬೆಳಗಾವಿ

ಉತ್ತರ: ಮಕ್ಕಳೇ, ಬೇಡ. ತಿಂಗಳಿಗೆ ನಾಲ್ಕು ರಾತ್ರಿಗಾಗಿ ಮೂವತ್ತು ದಿನದ ಬಾಡಿಗೆ ಕಟ್ಟುತ್ತೀರಿ, ಬೀಗ ಹಾಕಿದ ರೂಮಿನಲ್ಲಿ ಹಾಸಿಗೆ ಬೂಷ್ಟು ಹಿಡಿಯುತ್ತದೆ. ಆ ದುಡ್ಡನ್ನು ಪಾಠಕ್ಕೆ ಹಾಕಿ. ನೀವು ಬಸ್ಸೋ ಬೈಕೋ ಬರೆದಿಲ್ಲ. ಬೈಕಾದರೆ ಶುಕ್ರವಾರ ಮಧ್ಯಾಹ್ನವೇ ಹೊರಡಿ, ಚೋರ್ಲಾ ಘಾಟನ್ನು ಬೆಳಕಿರುವಾಗ ಇಳಿಯಿರಿ. ರಾತ್ರಿ ಮಾಪ್ಸಾದಲ್ಲಿ ಉಳಿಯಿರಿ, ಬೀಚಿನ ಪಕ್ಕಕ್ಕಿಂತ ಅಗ್ಗ. ಶನಿವಾರ ಬೆಳಕಾಗುವಾಗ ಅಶ್ವೆಂ ನೀರಿನಲ್ಲಿರಿ, ಹತ್ತು ಗಂಟೆಗೆ ಮೇಲೆ ಬನ್ನಿ, ಹೊಟ್ಟೆ ತುಂಬ ತಿಂದು ಮಲಗಿ. ಭಾನುವಾರವೂ ಹಾಗೆಯೇ, ಆದರೆ ಒಂಬತ್ತಕ್ಕೇ ನಿಲ್ಲಿಸಿ. ನೀರಿನಲ್ಲಿ ಮೂರು ಗಂಟೆ ಇದ್ದವರಿಗೆ ಮಧ್ಯಾಹ್ನ ಎಂಥ ನಿದ್ದೆ ಬರುತ್ತದೆ ಅಂದರೆ, ಘಾಟಿನ ತಿರುವಿನಲ್ಲಿ ಕಣ್ಣು ಮುಚ್ಚಿದ್ದೂ ಗೊತ್ತಾಗುವುದಿಲ್ಲ. ಎರಡು ತಾಸು ಮಲಗಿ ಎದ್ದು, ಚಹಾ ಕುಡಿದು ಹೊರಡಿ. ಮನೆ ಮುಟ್ಟಿದ ಮೇಲೆ ನಿಮ್ಮ ನಿಮ್ಮ ತಾಯಂದಿರಿಗೆ ಹೇಳಿ ಮಲಗಿ.